ಬೂದಿ ಹಚ್ಚಿ ತಿಕ್ಕಿದ ಗಾಲಿ

ಕಾರು ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಹಿಡಿದು ಕೂತಿದ್ದವಳು ಕಸ್ತೂರೆವ್ವ. ಈ ಸಂಗತಿ ಗೊತ್ತಿದ್ದದ್ದು ಅವಳಿಗೆ, ಪಕ್ಕದಲ್ಲಿ ಕೂತಿದ್ದ ಸೊಸೆ ಶೈಲಾಳಿಗೆ, ಮತ್ತು ಅಡ್ಡ ಬಂದು ಬಾಲ ಎತ್ತಿಕೊಂಡು ಓಡಿಹೋದ ಒಂದು ಆಡಿನ ಮರಿಗೆ.

ಐನಾಪುರದಲ್ಲಿ ದ್ರಾಕ್ಷಿ, ಕಬ್ಬು ಎಂದು ಎರಡು ಕಡೆ ಹೊಲವಿರುವ ಮನೆಯ ಹಿರಿಯ ಹೆಂಗಸು, ಅರವತ್ತರ ಹತ್ತಿರ ಬಂದವಳು, ಕಾರು ಯಾಕೆ ಹಿಡಿಯಬೇಕಿತ್ತು ಎಂದರೆ ಅದಕ್ಕೆ ಮೊಣಕಾಲೇ ಕಾರಣ. ಶನಿವಾರ ಶೈಲಾ ಕಲಿಸುವ ಕಾಗವಾಡದ ಶಾಲೆ ಅರ್ಧ ದಿನಕ್ಕೇ ಬಿಡುತ್ತಿತ್ತು. ವಾರವಾರವೂ ಆ ಮಧ್ಯಾಹ್ನ ಅವಳು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು, ಎಡಮೊಣಕಾಲಿಗೆ ಡಾಕ್ಟರ ಹತ್ತಿರ ಶಾಖ ಕೊಡಿಸಲು ಮಿರಜಕ್ಕೆ ಒಯ್ಯುತ್ತಿದ್ದಳು. ಹೋಗುವಾಗ ಬರುವಾಗ ಕಸ್ತೂರೆವ್ವನಿಗೆ ನೋಡಲು ರಸ್ತೆ ಬಿಟ್ಟರೆ ಸೊಸೆಯ ಕೈಕಾಲುಗಳೇ. ಯಾವ ಕಾಲು ಯಾವಾಗ ಒತ್ತುತ್ತದೆ, ಗೇರು ಎತ್ತ ಸರಿಯುತ್ತದೆ ಎಂಬುದು ನೋಡನೋಡುತ್ತ ಅವಳಿಗೆ ಬಾಯಿಪಾಠವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಶನಿವಾರ ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಶೈಲಾ, ಒಮ್ಮಿ ನಾ ಹಿಡದು ನೋಡ್ಲೇನು?"

ಶೈಲಾ ನಗಲಿಲ್ಲ. ಅದೊಂದಕ್ಕೇ ಕಸ್ತೂರೆವ್ವ ಸೊಸೆಯನ್ನು ಮನಸ್ಸಿನಲ್ಲಿ ಮಗಳ ಪಕ್ಕಕ್ಕೆ ಕೂರಿಸಿದ್ದಳು.

ರಾಯಬಾಗ ಕಡೆಯ ತವರಿನಲ್ಲಿ ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಸಂತೆಗೆ, ಗಿರಣಿಗೆ, ಬೀಗರೂರಿಗೆ ಕೊಲ್ಲಾರಿ ಬಂಡಿ ಹೂಡಿಕೊಂಡು ಹೋಗುತ್ತಿದ್ದವಳು ಇವಳೇ. ಎತ್ತಿನ ಹಗ್ಗ ಕೈಯಲ್ಲಿದ್ದರೆ ಊರ ಹುಡುಗರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಮದುವೆಯಾಗಿ ಐನಾಪುರಕ್ಕೆ ಬಂದ ದಿನ ಬಂಡಿಯಿಂದ ಇಳಿದವಳು ಮತ್ತೆ ಹಗ್ಗ ಮುಟ್ಟಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಯಾರೂ ಕೊಡಲೂ ಇಲ್ಲ.

ಕಾಗವಾಡದ ಹೊರಗೆ ಹೊಸದಾಗಿ ಪ್ಲಾಟು ಹಾಕಿದ್ದ ಬಯಲಿತ್ತು. ಮನೆಗಳು ಇನ್ನೂ ಎದ್ದಿರಲಿಲ್ಲ. ರಸ್ತೆ ಮಾತ್ರ ಆಗಿ, ರಸ್ತೆಯ ಎರಡೂ ಅಂಚಿಗೆ ಹಳದಿ-ಕಪ್ಪು ಬಣ್ಣ ಬಳಿದ ದಂಡೆಗಲ್ಲು ನಿಂತಿದ್ದವು. ಆಡು ಮೇಯಿಸುವವರನ್ನು ಬಿಟ್ಟರೆ ಅಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಮಿರಜದಿಂದ ವಾಪಸು ಬರುವಾಗ ಶೈಲಾ ಅಲ್ಲಿ ಕಾರು ತಿರುಗಿಸಿ ಇಳಿಯುವಳು, ಕಸ್ತೂರೆವ್ವ ಸೀರೆಯ ನಿರಿಗೆಯನ್ನು ಮೇಲಕ್ಕೆ ಸಿಕ್ಕಿಸಿ ಬಲಗಡೆ ಬಂದು ಕೂರುವಳು. ಕ್ಲಚ್ ಒತ್ತುವುದು ಡಾಕ್ಟರು ಹೇಳಿದ ವ್ಯಾಯಾಮಕ್ಕಿಂತ ಮೊಣಕಾಲಿಗೆ ಚಲೋ ಎನ್ನುತ್ತಿದ್ದಳು. ಎರಡನೇ ಗೇರಿನವರೆಗೂ ಅವಳ ಕೈ ಕುದುರಿತ್ತು.

ದಸರೆ ಮುಗಿದ ಮೇಲಿನ ಶನಿವಾರ ಆ ಆಡಿನ ಮರಿ ಪೊದೆಯಿಂದ ಜಿಗಿಯಿತು. ಕಸ್ತೂರೆವ್ವ ಎರಡೂ ಕೈಯಿಂದ ಸ್ಟೇರಿಂಗನ್ನು ಎದೆಯ ಕಡೆಗೆ ಎಳೆದುಕೊಂಡು, ಕಾಲು ಊರಿ, "ಹೋ, ಹೋ, ಹೋ" ಎಂದಳು. ನಲವತ್ತು ವರ್ಷದ ಹಿಂದಿನ ಎತ್ತುಗಳಾದರೆ ಅಷ್ಟಕ್ಕೇ ನಿಲ್ಲುತ್ತಿದ್ದವು. ಕಾರು ನಿಲ್ಲಲಿಲ್ಲ. ಊರಿದ ಕಾಲು ಎಣ್ಣೆ ಕೊಡುವ ಪೆಡಲ್ ಮೇಲಿತ್ತು; ಎಡಗೈಯ ಜೋರಿಗೆ ಸ್ಟೇರಿಂಗ್ ಎಡಕ್ಕೆ ಹೊರಳಿತ್ತು. ಮುಂದಿನ ಎಡಗಾಲಿ ದಂಡೆಗಲ್ಲಿಗೆ ಓರೆಯಾಗಿ ಬಡಿದು, ಕಲ್ಲನ್ನು ಕೆರೆಯುತ್ತ ಒಂದಿಷ್ಟು ದೂರ ಹೋಯಿತು. ಶೈಲಾ ಹ್ಯಾಂಡ್‌ಬ್ರೇಕ್ ಎಳೆದಳು.

ಕಾರು ಜಗ್ಗಿ ನಿಂತಿತು.

"ಅತ್ತಿ," ಎಂದಳು ಶೈಲಾ ಮೆಲ್ಲಗೆ, "ಇದಕ್ಕ ಕಿವಿ ಇಲ್ರಿ. ಕಾಲಾಗ ಹೇಳಬೇಕು."

ಕಸ್ತೂರೆವ್ವನಿಗೆ ನಗು ಬರಲಿಲ್ಲ. ಇಳಿದು ನೋಡಿದರೆ ಗಾಲಿಯ ಅಂಚು ಒಂದು ಕಡೆ ಒಳಕ್ಕೆ ಕುಗ್ಗಿತ್ತು, ಸುತ್ತ ಹಳದಿ ಬಣ್ಣ ಮೆತ್ತಿತ್ತು.

"ನಿಮ್ಮ ಮಾವ ನನ್ನ ಸುಮ್ನ ಬಿಡಾಂವಲ್ಲ."

"ಅವರಿಗ್ಯಾಕ ಗೊತ್ತಾಗಬೇಕ್ರಿ? ನಾನ ಹೊಡಿಯಾಕತ್ತಿದ್ದೆ ಅಂತ ಹೇಳ್ತೀನಿ. ಉಗಾರ ರಸ್ತ್ಯಾಗ ಕಬ್ಬಿನ ಟ್ರ್ಯಾಕ್ಟರ್ ಓಡ್ಯಾಡಿ ಗುಂಡಿ ಬಿದ್ದಾವಲ್ಲ, ಅದರಾಗ ಇಳೀತು ಅಂದ್ರಾತು. ಪ್ಲಾಟಿನ್ಯಾಗ ಬಡೀತು ಅಂದ್ರ, ಅಲ್ಲ್ಯಾಕ ಹೋಗಿದ್ರಿ ಅಂತ ಕೇಳ್ತಾರ."

ಕಸ್ತೂರೆವ್ವ ಎಡಗಡೆಯ ಸೀಟಿಗೆ ಹೋಗಿ ಕೂತಳು. ಮನೆಗೆ ಬಂದವಳೇ, ಗಂಡಸರು ತೋಟದಿಂದ ಬರುವ ಮೊದಲು ಒಲೆಯ ಬೂದಿ, ತೆಂಗಿನ ನಾರು ತಂದು, ಅಂಗಳದ ನಲ್ಲಿಯ ನೀರು ಬಿಟ್ಟುಕೊಂಡು, ಗಾಲಿಯ ಮೇಲಿನ ಹಳದಿ ಬಣ್ಣವನ್ನು ಹಿತ್ತಾಳೆ ಕೊಡ ತಿಕ್ಕಿದಂತೆ ತಿಕ್ಕಿ ತೆಗೆದಳು. ಬಣ್ಣ ಪೂರ್ತಿ ಹೋಯಿತು. ಉಳಿದ ಮೂರು ಗಾಲಿಗಿಂತ ಅದೊಂದೇ ಫಳಫಳ ಹೊಳೆಯತೊಡಗಿದ್ದರಿಂದ, ಅನುಮಾನ ಬರಬಾರದೆಂದು ಆ ಮೂರನ್ನೂ ತಿಕ್ಕಿದಳು.

ಅವತ್ತು ರಾತ್ರಿ ಊಟಕ್ಕೆ ರೊಟ್ಟಿ, ಝುಣಕ, ಮೊಸರು. ಅವಳ ಗಂಡ ವಿರುಪಾಕ್ಷಪ್ಪ ಮೊದಲ ರೊಟ್ಟಿ ಮುರಿಯುವ ಹೊತ್ತಿಗೇ ಶೈಲಾ ಗುಂಡಿಯ ಮಾತು ಹೇಳಿ ಮುಗಿಸಿದ್ದಳು.

"ಗುಂಡಿ ಕಾಣಲಿಲ್ಲೇನು?" ಎಂದ ವಿರುಪಾಕ್ಷಪ್ಪ.

"ಎದುರಿಗೆ ಟ್ರ್ಯಾಕ್ಟರ್ ಬಂತ್ರಿ ಮಾವಾರ."

"ಟ್ರ್ಯಾಕ್ಟರ್ ಕಾಣ್ತು, ಗುಂಡಿ ಕಾಣಲಿಲ್ಲ. ಚಲೋ ಆತು, ತಿರಗಾಮುರಗಾ ಆಗಲಿಲ್ಲ." ತನ್ನ ಮಾತಿಗೆ ತಾನೇ ನಕ್ಕು ಅವನು ಹೆಂಡತಿಯ ಕಡೆ ನೋಡಿದ. "ನೀ ಬಾಜೂಕ ಕುಂತಿದ್ದಿ. ನಿನಗೂ ಕಾಣಲಿಲ್ಲ?"

ಕಸ್ತೂರೆವ್ವ ಝುಣಕದ ಸೌಟು ಹಿಡಿದು, "ಇನ್ನೊಂದಿಟು ಹಾಕ್ಲಿ?" ಎಂದಳು.

ವಿರುಪಾಕ್ಷಪ್ಪ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೆ ನಗುವುದೆಂದರೆ ಅವನಿಗೆ ಹಬ್ಬ. ಮೂವತ್ತು ವರ್ಷದ ಹಿಂದೆ ಬೀಗರು ಬಂದಾಗ ಕಸ್ತೂರೆವ್ವ ಗಡಿಬಿಡಿಯಲ್ಲಿ ಚಹಾಕ್ಕೆ ಸಕ್ಕರೆಯೆಂದು ಉಪ್ಪು ಹಾಕಿದ್ದಳು. ಅದನ್ನು ಅವನು ಅಗಸಿಕಟ್ಟೆಯಲ್ಲಿ ಹೇಳಿದ, ಮಗಳು ಸುಂದರಾಳ ಮದುವೆಯಲ್ಲಿ ಹೇಳಿದ, ಶೈಲಾ ಮನೆ ತುಂಬಿದ ದಿನವೂ ಹೇಳಿದ. ಈಗಲೂ ಹಿಟ್ಟಿನ ಗಿರಣಿಗೆ ಹೋದರೆ ಪಕ್ಕದ ಮನೆ ರುಕ್ಮವ್ವ, "ಕಸ್ತೂರೆವ್ವಾ, ಚಹಾ ಕುಡೀತಿ ಏನ, ಸಕ್ಕರೀದು?" ಎಂದೇ ಕೇಳುವುದು. ಕಾರಿಗೆ ಹೋ ಹೋ ಎಂದದ್ದು ಹೊರಬಿದ್ದರೆ ತಾನು ಸತ್ತ ಮೇಲೂ ಅದು ಊರಲ್ಲಿ ಓಡಾಡುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು.

ಮರುದಿನ ಮಗ ರೋಹನ ಕಾರು ಹೊಡೆದು ನೋಡಿ ಬಂದ. "ಎಡಕ್ಕ ಎಳಿತೈತಿ. ಸ್ಟೇರಿಂಗ್ ಸೊಟ್ಟ ಹಿಡದ್ರ ಗಾಡಿ ಸೀದಾ ಹೋಗ್ತೈತಿ. ತಗ್ಗಿನ್ಯಾಗ ಇಳದ್ರ ಕಟ್ ಕಟ್ ಅಂತೈತಿ," ಎಂದ. ಅಪ್ಪ ಮಗ ಇಬ್ಬರೂ ಶೈಲಾಳನ್ನು ಕರೆದುಕೊಂಡು ಕಾಗವಾಡದ ಸತ್ತೆಪ್ಪನ ಗ್ಯಾರೇಜಿಗೆ ಹೋದರು.

ಅಲ್ಲಿ ಆದದ್ದನ್ನು ಶೈಲಾ ಸಂಜೆ ಕಾಯಿಪಲ್ಯ ಹೆಚ್ಚುತ್ತ ಅತ್ತೆಗೆ ಹೇಳಿದಳು. ಸತ್ತೆಪ್ಪ ಮೊದಲು ಕೇಳಿದ್ದೇ, ಹೇಗೆ ಬಡಿಯಿತು ಎಂದು. ಗುಂಡಿ ಎಂದಳು. ಗಾಲಿಯ ಸುತ್ತ ಕೈಯಾಡಿಸಿ ನೋಡಿ, ಕಲ್ಲುಗಿಲ್ಲಿಗೇನೂ ತಾಗಿಲ್ಲವಲ್ಲ ಎಂದ. ಇಲ್ಲ ಎಂದಳು. "ಹಂಗಾರ ಶಾಕಪ್ ಹೋಗೈತಿ" ಎಂದು ಅವನು ಆ ಕಡೆಯ ಶಾಕ್ ಅಬ್ಸಾರ್ಬರ್ ಬಿಚ್ಚಿ ಹೊಸದು ಕೂರಿಸಿದ, ಕುಗ್ಗಿದ ಗಾಲಿಯ ಅಂಚನ್ನು ಬಡಿದು ಸರಿಮಾಡಿದ, ಅಲೈನ್‌ಮೆಂಟಿಗೆ ಮಿರಜಕ್ಕೆ ಕಳಿಸಿದ.

"ಸರಿ ಆತಿಲ್ಲೋ?" ಎಂದಳು ಕಸ್ತೂರೆವ್ವ, ಉಸಿರು ಬಿಟ್ಟು.

"ಸ್ಟೇರಿಂಗ್ ಸೀದಾ ಆಗೈತ್ರಿ. ಎಳಿಯೂದು ನಿಂತಿಲ್ಲ."

ಎಳೆಯುವುದು ನಿಲ್ಲಲೇ ಇಲ್ಲ. ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರುವ ಚಾಟ್ನಿಯ ಕೆಲಸ ಮುಗಿದು ಔಷಧ ಹೊಡೆಯುವ ಗಡಿಬಿಡಿ. ರೋಹನನಿಗೆ ಪುನಃ ಗ್ಯಾರೇಜಿಗೆ ಹೋಗಲು ಪುರಸೊತ್ತಿಲ್ಲ. ಆಗ ವಿರುಪಾಕ್ಷಪ್ಪ ತಾನೇ ಕೈ ಹಾಕಿದ.

"ಎಡಗೋಲಿನ ಎತ್ತು ಎಳ್ಯಾಕತ್ರ ಏನ್ ಮಾಡ್ತೀವಿ? ಬಲಗೋಲಿಗೆ ಕಟ್ತೀವಿ. ಎಳಿಯೂದು ಎತ್ತಿನ ಜೋಡಿ ಬಲಕ್ಕ ಹೊಳ್ಳಿದ್ರ ಎತ್ತಿಂದು ತಪ್ಪು. ಇದ್ದಲ್ಲೇ ಇದ್ರ ನೊಗದ್ದು ತಪ್ಪು." ಜಾಕ್ ಕೊಟ್ಟು, ಆಳಿನ ಕೈಯಿಂದ ಎಡಗಾಲಿ ಬಲಕ್ಕೆ, ಬಲಗಾಲಿ ಎಡಕ್ಕೆ ಹಾಕಿಸಿದ.

ಕಾರು ಮೊದಲಿನ ಹಾಗೆಯೇ ಎಡಕ್ಕೆ ಎಳೆಯಿತು.

"ಗಾಲಿದು ತಪ್ಪಲ್ಲ," ಎಂದ ವಿರುಪಾಕ್ಷಪ್ಪ ಊಟಕ್ಕೆ ಕೂತು.

"ಮತ್ತ ನೊಗದ್ದಲ್ಲೇನಪ್ಪಾ? ನೀನ ಅಂದಿ," ಎಂದ ರೋಹನ.

"ನೊಗ ಸತ್ತೆಪ್ಪ ಮಾಡ್ಯಾನ, ಮಿಸಿನ್ನಿನ ಮ್ಯಾಲ ಹಚ್ಚಿ ಕೊಟ್ಟಾರ. ಇನ್ನ ಉಳಿದದ್ದೇನು? ಹೊಡಿಯೂ ಕೈ. ಒಮ್ಮಿ ಎಡಕ್ಕ ಎಳದ ಕೈ ಗಾಡಿಗೆ ಚಟ ಹಚ್ಚತೈತಿ. ಒಬ್ಬರ ಕೈಯಾಗಿದ್ರ ಗಾಡಿ ಹಳಿಗೆ ಬರತೈತಿ." ಅವನು ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಿಂದ ಕಾರಿನ ಕೀಲಿ ತೆಗೆದು ಬನಿಯನ್ನಿನ ಕಿಸೆಗೆ ಹಾಕಿಕೊಂಡ. "ರೋಹನಾ, ನೀ ಹೊಡಿ. ಆಕೀ ಬಸ್ಸಿಗೆ ಹೋಗ್ಲಿ. ಲಗ್ನಕ್ಕ ಮೊದಲ ಹೋಗ್ತಿದ್ದಿಲ್ಲೇನು?"

ರೋಹನ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ತಾಟಿನಲ್ಲಿದ್ದ ಶೇಂಗಾಹಿಂಡಿಯ ಮೇಲೆ ಮೊಸರು ಹಾಕಿ ಕಲೆಸಿಕೊಂಡ.

ಶೈಲಾ ಕಾರು ಕಲಿಯಲು ಈ ಮನೆಯಲ್ಲಿ ಎರಡು ಯುಗಾದಿ ಕಾದಿದ್ದಳು. ಲೈಸೆನ್ಸು ಬಂದ ದಿನ ಅವಳು ಆ ಕಾರ್ಡನ್ನು ದೇವರ ಮುಂದಿಟ್ಟು ಅತ್ತೆಯ ಕಾಲಿಗೆ ಬಿದ್ದಿದ್ದಳು. ಈಗ ಅವಳ ದಿನ ಮೊದಲ ಬಸ್ಸಿಗೆ ಹೊಂದಿಕೊಳ್ಳಬೇಕಾಯಿತು. ರೊಟ್ಟಿ ಬಡಿಯುವ ಕೆಲಸ ಕಸ್ತೂರೆವ್ವನ ಪಾಲಿಗೆ ಬಂತು. ಬಸ್ಸು ತಪ್ಪಿದ ದಿನ ಮೊದಲ ತಾಸು ತಪ್ಪುತ್ತಿತ್ತು. ಮುಖ್ಯ ಅಧ್ಯಾಪಕಿ ಎರಡು ಸಲ ಸುಮ್ಮನಿದ್ದು, ಮೂರನೇ ಸಲ, "ಹಿಂಗ ಆದ್ರ ದೀಪಾವಳಿ ಸೂಟಿ ಮುಗದ ಮ್ಯಾಲ ಬ್ಯಾರೇದವರನ್ನ ನೋಡಬೇಕಾಗತೈತಿ ನೋಡವಾ," ಎಂದಿದ್ದಳು.

ಶನಿವಾರ ಕಸ್ತೂರೆವ್ವನೂ ಬಸ್ಸು ಹತ್ತಿದಳು. ಮೆಟ್ಟಿಲು ಎತ್ತರ, ಹತ್ತುವಾಗ ಮೊಣಕಾಲು ಲಟಕ್ಕೆಂದಿತು. ಹಿಂದಿನಿಂದ ಯಾರೋ ಮರಾಠಿಯಲ್ಲಿ, "ಆಜೀ, ಲೌಕರ ಚಲಾ" ಎಂದು ಬೇಗ ಹತ್ತಲು ಅವಸರಪಡಿಸಿದರು. ಮಿರಜದಲ್ಲಿ ಶಾಖ ಕೊಡಿಸಿದ ನೋವು ವಾಪಸು ಬರುವ ಹೊತ್ತಿಗೆ ಇಮ್ಮಡಿಯಾಗಿತ್ತು. ಆ ಬಯಲು ಕಿಟಕಿಯಲ್ಲಿ ಹಾದುಹೋಯಿತು. ಹಳದಿ-ಕಪ್ಪು ಕಲ್ಲುಗಳ ಸಾಲಿನಲ್ಲಿ ಒಂದು ಕಡೆ ಬಿಳಿಯ ಗೆರೆ ಎಳೆದಂತಿತ್ತು. ಅವಳು ಮುಖ ತಿರುಗಿಸಿ ಬಸ್ಸಿನ ಒಳಗೆ ನೋಡಿದಳು.

ಅವತ್ತು ಸಂಜೆ ಕೋಣೆಯಲ್ಲಿ ರೋಹನ ಶೈಲಾರ ಮಾತು ಜೋರಾಯಿತು. ಕಸ್ತೂರೆವ್ವ ಪಡಸಾಲೆಯಲ್ಲಿ ಕೂತು ಮಡಕೆಕಾಳು ಹಸನು ಮಾಡುತ್ತಿದ್ದಳು.

"ಒಂದ ಸಲ ನೀವು ನಿಮ್ಮ ಅಪ್ಪಾರಿಗೆ ಹೇಳ್ರಿ, ಕೀಲಿ ಕೊಡು ಅಂತ."

"ನೀ ಅಷ್ಟ ನೋಡಿ ಹೊಡದಿದ್ರ ಈ ಮಾತ ಬರ್ತಿದ್ದಿಲ್ಲ."

"ನಾ ನೋಡೇ ಹೊಡೀತೀನಿ."

"ಕಾಣಾಕತ್ತೈತಲ್ಲ, ಎಷ್ಟ ನೋಡ್ತೀ ಅಂತ."

ಬಾಗಿಲು ತೆರೆದು ಹೊರಬಂದ ಶೈಲಾ ಅತ್ತೆಯನ್ನು ನೋಡಿ ನಿಂತಳು. ಆಮೇಲೆ ಬಂದು ಎದುರು ಕೂತು ತಾನೂ ಕಾಳಿನಲ್ಲಿ ಕೈಯಾಡಿಸಿದಳು.

"ನಾ ಹೇಳಿಬಿಡ್ಲೇನ ಶೈಲಾ?" ಎಂದಳು ಕಸ್ತೂರೆವ್ವ. ಹೇಳುವಾಗಲೇ, ಬೇಡ ಅನ್ನಲಿ ಎಂದು ಒಳಗೊಳಗೆ ಕಾಯುತ್ತಿದ್ದುದು ಅವಳಿಗೇ ತಿಳಿಯಿತು.

ಹಿಂದೆ ಕೇಳಿದಾಗಲೆಲ್ಲ ಶೈಲಾ ಬೇಡ ಎಂದೇ ಅಂದಿದ್ದಳು. ಇವತ್ತು ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದಳು.

"ಅತ್ತಿ, ಅವತ್ತ ನಾ ಹೇಳಿದ್ದು ಒಂದ ಸಂಜಿಗ್ರಿ. ಜನ್ಮಕ್ಕಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಒಲೆಯ ಮೇಲಿನ ಹಾಲು ಉಕ್ಕೀತೆಂದು ಎದ್ದು ಹೋದಳು. ಕಸ್ತೂರೆವ್ವ ಆ ಕಾಳನ್ನು ಹಸನಾದ ಮೇಲೂ ಆರಿಸುತ್ತಲೇ ಇದ್ದಳು.

ದೀಪಾವಳಿಯ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಗಾಡಿಗಳ ಪೂಜೆ ಆ ಮನೆಯಲ್ಲಿ ತಪ್ಪುತ್ತಿರಲಿಲ್ಲ. ಟ್ರ್ಯಾಕ್ಟರಿಗೂ ಕಾರಿಗೂ ಕಸ್ತೂರೆವ್ವನೇ ಕುಂಕುಮ ಹಚ್ಚಿ, ಗಾಲಿಗೊಂದು ನಿಂಬೆಹಣ್ಣು ಇಡುತ್ತಿದ್ದಳು. ಮರುದಿನ ನಸುಕಿನಲ್ಲಿ ರೋಹನ ಅದೇ ಕಾರಿನಲ್ಲಿ ಕೊಗನೊಳ್ಳಿಗೆ ಹೋಗಿ, ತಂಗಿ ಸುಂದರಾಳನ್ನೂ ಅವಳ ಮಕ್ಕಳನ್ನೂ ಹಬ್ಬಕ್ಕೆ ಕರೆತರುವುದಿತ್ತು. ನಿಪ್ಪಾಣಿ ದಾಟಿದರೆ ಹೈವೇ. ಅಲ್ಲಿ ರೋಹನನ ಗಾಡಿ ನೆಲಕ್ಕೆ ಹತ್ತುವುದಿಲ್ಲ, ಅಷ್ಟು ಜೋರು ಎಂಬುದು ತಾಯಿಗೆ ಗೊತ್ತಿತ್ತು.

ಬಲಗಡೆಯ ಮುಂದಿನ ಗಾಲಿಗೆ ನಿಂಬೆಹಣ್ಣು ಇಡುವಾಗ ಅವಳು ಕೂರಲಾರದೆ, ಗಾಲಿಗೂ ಅದರ ಹಿಂಬದಿಯ ತಗಡಿಗೂ ನಡುವಿನ ಸಂದಿಯಲ್ಲಿ ಕೈ ಊರಿ ಬಾಗಿದಳು. ಅಂಗೈ ಸಲೀಸಾಗಿ ಕೂತಿತು. ಎಡಗಡೆಗೆ ಬಂದು ಹಾಗೆಯೇ ಕೈ ಊರಿದರೆ, ಹಿಂಬದಿಯ ಸಂದಿಯಲ್ಲಿ ಬೆರಳಷ್ಟೇ ಹೋದವು; ಅಂಗೈ ಹೊರಗೇ ಉಳಿಯಿತು. ಮತ್ತೆ ಬಲಕ್ಕೆ ಹೋಗಿ ನೋಡಿದಳು, ಮತ್ತೆ ಎಡಕ್ಕೆ. ಎಡಗಾಲಿ ಇರಬೇಕಾದ ಜಾಗದಿಂದ ಹಿಂದಕ್ಕೆ ಸರಿದು ಕೂತಿತ್ತು, ಅಚ್ಚು ಡೊಂಕಾದ ಬಂಡಿಯ ಗಾಲಿಯ ಹಾಗೆ. ಅಚ್ಚು ಡೊಂಕಾದ ಬಂಡಿಯನ್ನು ಅವಳ ಅಪ್ಪ ಊರಗಸಿಯನ್ನೂ ದಾಟಿಸುತ್ತಿರಲಿಲ್ಲ.

ಕೈಯಲ್ಲಿ ಉಳಿದ ನಿಂಬೆಹಣ್ಣನ್ನು ಗಾಲಿಯ ಕೆಳಗಿಡದೆ ಅವಳು ಒಳಗೆ ಬಂದಳು.

ಗಂಡಸರು ಊಟಕ್ಕೆ ಕೂತಿದ್ದರು. ಹೋಳಿಗೆ, ಕಟ್ಟಿನ ಸಾರು. ಶೈಲಾ ತುಪ್ಪ ಬಡಿಸುತ್ತಿದ್ದಳು.

"ರೋಹನಾ, ನಾಳೆ ನೀ ಕಾರ್ ತಗೊಂಡ ಹೋಗಬ್ಯಾಡ."

"ಯಾಕವ್ವಾ? ಎಳಿತೈತಿ ಅಂತನ? ಗಟ್ಟ್ಯಾಗಿ ಹಿಡದ್ರ ನಡೀತೈತಿ."

"ಅದು ಗುಂಡ್ಯಾಗ ಬಿದ್ದಿಲ್ಲ. ಕಾಗವಾಡದ ಪ್ಲಾಟಿನ್ಯಾಗ ದಂಡಿಗಲ್ಲಿಗೆ ಬಡದೈತಿ. ಬಡದಾಕಿ ನಾನು."

ವಿರುಪಾಕ್ಷಪ್ಪನ ಕೈ ಹೋಳಿಗೆಯ ಮೇಲೆ ನಿಂತಿತು. "ನೀನು ಅಂದ್ರ?"

"ನಾನು ಅಂದ್ರ ನಾನು. ಸ್ಟೇರಿಂಗ್ ನನ್ನ ಕೈಯಾಗಿತ್ತು. ಆಡು ಅಡ್ಡ ಬಂತು. ನಿಂದರಸಾಕ ಅದನ್ನ ಎದಿಗೆ ಎಳಕೊಂಡೆ." ತೋರಿಸಲೆಂದು ಎರಡೂ ಮುಷ್ಟಿಗಳನ್ನು ಎದೆಗೆ ತಂದಳು. "ಹೋ ಹೋ ಅಂದೆ. ನಿಲ್ಲಲಿಲ್ಲ."

ರೋಹನ ತುತ್ತು ಕೆಳಗಿಟ್ಟ. ಆಮೇಲೆ ವಿರುಪಾಕ್ಷಪ್ಪ ನಕ್ಕ. ತಾಟು ಸರಿಸಿ ನಕ್ಕ, ಗೋಡೆಗೆ ಒರಗಿ ನಕ್ಕ, ಕಣ್ಣೊರೆಸಿಕೊಂಡು, "ಕಾರಿಗೆ... ಹೋ ಹೋ..." ಎಂದು ಮತ್ತೆ ನಕ್ಕ. ಕಸ್ತೂರೆವ್ವ ನಿಂಬೆಹಣ್ಣು ಹಿಡಿದು ನಿಂತೇ ಇದ್ದಳು. ಇಷ್ಟು ದಿನ ಹೆದರಿದ್ದು ಈ ಸಪ್ಪಳಕ್ಕೇ. ಎದುರಿಗೆ ನಿಂತು ಕೇಳಿದರೆ ಅದು ಒಬ್ಬ ಮುದುಕ ಕೆಮ್ಮಿದ ಹಾಗಿತ್ತು.

"ಮುಗೀತೇನ್ರಿ?"

"ತಡಿ, ಇನ್ನ..."

"ಮುಗಿಸ್ರಿ. ಆಮ್ಯಾಲ ಹೊರಗ ಬಂದು ಗಾಲಿ ನೋಡ್ರಿ. ಎಡಗಾಲಿ ಹಿಂದಕ ಸರದೈತಿ. ಬಲಕ್ಕ ನನ್ನ ಅಂಗೈ ಹೋಗ್ತೈತಿ, ಎಡಕ್ಕ ಹೋಗೂದಿಲ್ಲ. ಅದರಾಗ ನಿಮ್ಮ ಮೊಮ್ಮಕ್ಕಳನ್ನ ಕುಂದರಿಸಿಕೊಂಡು ಬಾ ಅಂತ ಕಳಸ್ತೀರೇನು?"

ನಗು ನಿಂತಿತು. ರೋಹನ ಕೈ ತೊಳೆಯದೆಯೇ ಬ್ಯಾಟರಿ ಹಿಡಿದು ಅಂಗಳಕ್ಕೆ ಹೋದ. ಬಗ್ಗಿ ಎರಡೂ ಕಡೆ ನೋಡಿ ಬಂದ. "ಹೌದಪ್ಪಾ" ಎಂದಷ್ಟೇ ಅಂದು, ಹೆಂಡತಿಯ ಕಡೆ ತಿರುಗಿದ. "ನನಗರ ಹೇಳಬಾರದಿತ್ತೇನು?"

"ಹೇಳಿದ್ರ ನೀವು ಮಾವಾರಿಗೆ ಹೇಳ್ತಿದ್ರಿ," ಎಂದಳು ಶೈಲಾ, ತುಪ್ಪದ ಗಿಂಡಿ ಕೆಳಗಿಡುತ್ತ. "ಮತ್ತ, ನಾ ನೋಡೇ ಹೊಡೀತೀನಿ ಅಂದಾಗ ನೀವು ನಂಬಿದ್ರ, ಹೇಳೂದ ಬೀಳ್ತಿದ್ದಿಲ್ಲ."

ರೋಹನ ತಲೆ ತಗ್ಗಿಸಿ ಕೂತ.

"ಕೀಲಿ ಆಕೀಗೆ ಕೊಡ್ರಿ," ಎಂದಳು ಕಸ್ತೂರೆವ್ವ ಗಂಡನಿಗೆ.

"ಈಗ ಇಬ್ಬರಿಗೂ ಕೊಡೂದಿಲ್ಲ," ಎಂದ ವಿರುಪಾಕ್ಷಪ್ಪ. "ಆಕಿ ಸುಳ್ಳ ಹೇಳಿದ್ಲು, ನೀ ಗಾಡಿ ಬಡದಿ. ಚಂದ ಜೋಡಿ."

ಸುಂದರಾ ಗಂಡನ ಜೊತೆ ಬಸ್ಸಿನಲ್ಲಿ ಬಂದಳು. ಹಬ್ಬ ಮುಗಿದು ಗ್ಯಾರೇಜು ತೆರೆದ ದಿನ ರೋಹನ ಕಾರನ್ನು ಮೆಲ್ಲಗೆ, ಚಕ್ಕಡಿಯ ನಡಿಗೆಯಲ್ಲಿ ಕಾಗವಾಡಕ್ಕೆ ಒಯ್ದ. ಈ ಸಲ ಕಸ್ತೂರೆವ್ವ ತಾನೂ ಬರುತ್ತೇನೆಂದು ಹಟ ಹಿಡಿದು ಹಿಂದೆ ಕೂತಳು, ಪಕ್ಕದಲ್ಲಿ ಶೈಲಾ. ವಿರುಪಾಕ್ಷಪ್ಪ ಮುಂದೆ.

ಸತ್ತೆಪ್ಪ ತನ್ನ ಹಿಂದಿನ ಕೆಲಸ ಕೈಗೂಡಲಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡಿದ್ದ. ಕಸ್ತೂರೆವ್ವನಿಗೆ ಸ್ಟೂಲು ಹಾಕಿಸಿ ಕೇಳಿದ.

"ಬಡಿಯೂ ಮುಂದ ಗಾಲಿ ಸೀದಾ ಇತ್ತೋ, ಹೊಳ್ಳಿತ್ತೋ ಅವ್ವಾರ?"

"ಎಡಕ್ಕ ಹೊಳ್ಳಿತ್ತು."

"ಬ್ರೇಕ್ ಒತ್ತಿದ್ರಿ?"

"ಇಲ್ಲಪ್ಪಾ. ಎಣ್ಣಿ ಕೊಟ್ಟಿದ್ದೆ."

ಚಹಾ ಕುಡಿಯುತ್ತ ಕೂತಿದ್ದ ಇಬ್ಬರು ಟೆಂಪೋದವರು ನಕ್ಕರು. ಕಸ್ತೂರೆವ್ವ ಅವರ ಕಡೆ ನೋಡಲಿಲ್ಲ.

"ಆದ್ರ ಗಾಲಿಗೆ ಬಣ್ಣ ಹತ್ತಿದ್ದಿಲ್ಲಲ್ರಿ. ಅದಕ್ಕ ನಾ ಗುಂಡಿ ಅಂದದ್ದು ನಂಬಿದೆ."

"ಹತ್ತಿತ್ತು. ಬೂದಿ ಹಚ್ಚಿ ತಿಕ್ಕಿದೆ."

ಸತ್ತೆಪ್ಪ ಹಣೆಗೆ ಕೈ ಬಡಿದುಕೊಂಡ. ಗ್ರೀಸು ಅಲ್ಲೇ ಉಳಿಯಿತು. "ಅದನ್ನ ನೋಡಿದ್ರ ನಾ ಅವತ್ತ ಗಾಡಿ ಕೆಳಗ ಹೊಕ್ಕು ನೋಡತಿದ್ನಲ್ರಿ ಯವ್ವಾ. ಗುಂಡ್ಯಾಗ ಬಿದ್ರ ಪೆಟ್ಟು ಕೆಳಗಿಂದ ಮ್ಯಾಲ ಏರತೈತಿ, ಶಾಕಪ್ ತಿಂತೈತಿ. ಕಲ್ಲಿಗೆ ಓರಿ ಬಡದ್ರ ಬಾಜೂದಿಂದ ಒಳಗ ಹೋಗ್ತೈತಿ. ನಾ ಮ್ಯಾಲ ಹುಡಿಕಿದೆ, ಪೆಟ್ಟು ಕೆಳಗ ಕುಂತಿತ್ತು. ಮಿರಜದಾಂವ ರಾಡ್ ತಿರುವಿ ಸ್ಟೇರಿಂಗ್ ಅಷ್ಟ ಸೀದಾ ಮಾಡಿ ಕಳಿಸ್ಯಾನ."

ಮಧ್ಯಾಹ್ನದ ಹೊತ್ತಿಗೆ ಅವನು ಗಾಲಿಯನ್ನು ಹಿಡಿದಿಡುವ ಕೆಳಗಿನ ಆರ್ಮ್ ಬಿಚ್ಚಿ ಹೊರತೆಗೆದ. ಮಿರಜದಿಂದ ತರಿಸಿದ ಹೊಸದನ್ನೂ ಹಳೆಯದನ್ನೂ ಗೋಣಿತಾಟಿನ ಮೇಲೆ ಪಕ್ಕಪಕ್ಕ ಇಟ್ಟ. ಹೊಸದು ನೆಟ್ಟಗಿತ್ತು. ಹಳೆಯದು, ಒಂಟಿಯಾಗಿ ನೋಡಿದ್ದರೆ ತಿಳಿಯುತ್ತಿರಲಿಲ್ಲ, ಜೋಡಿಯಲ್ಲಿ ಇಟ್ಟಾಗ ಕುಡಗೋಲಿನ ಹಾಗೆ ಬಾಗಿದ್ದು ಕಂಡಿತು. ಅದರ ತುದಿಯ ಗುಂಡನ್ನು ಎರಡು ಬೆರಳಿನಲ್ಲಿ ಹಿಡಿದು ಸತ್ತೆಪ್ಪ ಅಲ್ಲಾಡಿಸಿದ. ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು.

"ಇದನ್ನ ಹೈವೇಕ್ಕ ಒಯ್ಯಾಂವಿದ್ದಿ ಏನೋ ರೋಹನಾ?"

ವಿರುಪಾಕ್ಷಪ್ಪ ಆ ಕಬ್ಬಿಣವನ್ನು ಕೈಗೆ ತೆಗೆದುಕೊಂಡು ಹೊರಳಿಸಿ ಹೊರಳಿಸಿ ನೋಡಿದ. "ನೊಗದ್ದ ತಪ್ಪು," ಎಂದ, ತನಗೆ ತಾನೇ.

ಕೆಲಸ ಮುಗಿದು, ಮಿರಜದಲ್ಲಿ ಅಲೈನ್‌ಮೆಂಟನ್ನೂ ಹೊಸದಾಗಿ ಮಾಡಿಸಿ ತಂದ ಮೇಲೆ ಸತ್ತೆಪ್ಪ, "ದಿನಾ ಹೊಡಿಯೂವರು ಯಾರ ಅದಾರ, ಅವರು ಹೊಡದು ನೋಡ್ರಿ. ಅವರಿಗ ಗೊತ್ತಾಗತೈತಿ," ಎಂದ. ಎಲ್ಲರೂ ಶೈಲಾಳನ್ನು ನೋಡಿದರು. ಅವಳು ಸತ್ತೆಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ನೆಟ್ಟನೆ ರಸ್ತೆಯಲ್ಲಿ ಹೋಗಿ ಬಂದಳು. ಇಳಿದಾಗ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗು. "ಕೈ ಬಿಟ್ರೂ ದಾರದ ಹಂಗ ಹೋಗ್ತೈತ್ರಿ ಅತ್ತಿ," ಎಂದಳು. ವಿರುಪಾಕ್ಷಪ್ಪ ಕೈ ಚಾಚಿದ. ಅವಳು ಕೀಲಿ ಕೊಟ್ಟಳು. ಅದು ಮತ್ತೆ ಬನಿಯನ್ನಿನ ಕಿಸೆ ಸೇರಿತು.

ಆ ವಾರವೆಲ್ಲ ಕಸ್ತೂರೆವ್ವ ಊರು ನಗುವುದನ್ನು ಕಾದಳು. ಹಿಟ್ಟಿನ ಗಿರಣಿಯಲ್ಲಿ ರುಕ್ಮವ್ವ ಸಿಕ್ಕಳು. ಜೋಳದ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಯಥಾಪ್ರಕಾರ ಸಕ್ಕರೆ ಚಹಾದ ಮಾತೇ ಆಡಿದಳು. ಹೋ ಹೋ ಇಲ್ಲ, ಆಡಿನ ಮರಿ ಇಲ್ಲ, ದಂಡೆಗಲ್ಲು ಇಲ್ಲ. ಕಟ್ಟೆಯ ಮುಂದೆ ಹಾದು ಬಂದಾಗಲೂ ಮುದುಕರು, "ಕಾಲು ಹೆಂಗೈತೆವ್ವಾ?" ಎಂದರೇ ಹೊರತು ಮತ್ತೇನೂ ಇಲ್ಲ. ಮನೆಗೆ ಬಂದು ಅವಳು ಗಂಡನನ್ನು ನೋಡಿದಳು. ಅವನು ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ, ಮಗ್ಗುಲಲ್ಲಿ ಆ ಬಾಗಿದ ಆರ್ಮು. ಅಡಿಕೆಯನ್ನು ಅದರಿಂದಲೇ ಕುಟ್ಟಿಕೊಂಡಿದ್ದ.

ಶನಿವಾರ ಬೆಳಿಗ್ಗೆ ಅವಳು ಬಟ್ಟೆ ಒಗೆಯಲು ಕೂತಳು. ಒಗೆಯುವ ಮೊದಲು ಕಿಸೆ ನೋಡುವುದು ನಲವತ್ತು ವರ್ಷದ ರೂಢಿ. ಸಿಕ್ಕಿದ್ದನ್ನು ಅವನ ಕೈಗೇ ಕೊಡುವುದೂ ರೂಢಿ. ಬನಿಯನ್ನಿನ ಕಿಸೆಯಲ್ಲಿ ಕೀಲಿ ಸಿಕ್ಕಿತು. ಅಂಗಳದಲ್ಲಿ ನಿಂತು ವಿರುಪಾಕ್ಷಪ್ಪ ಹಲ್ಲು ತಿಕ್ಕುತ್ತಿದ್ದ. ಅವನು ನೋಡುತ್ತಿರುವಾಗಲೇ ಅವಳು ಒದ್ದೆ ಕೈ ಸೀರೆಗೆ ಒರೆಸಿ, ಒಳಗೆ ಹೋಗಿ, ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ಕೀಲಿ ತೂಗುಹಾಕಿದಳು. ಅಲ್ಲಿಂದಲೇ ಕೂಗಿದಳು.

"ಶೈಲಾ, ಬಸ್ಸಿಗೆ ಗಡಿಬಿಡಿ ಮಾಡಬ್ಯಾಡ. ರೊಟ್ಟಿ ತಿಂದು ಕಾರ್ ತಗೊಂಡ ಹೋಗು. ಮಧ್ಯಾಹ್ನ ಮಿರಜಕ್ಕ ಹೋಗೂಣು."

ಶೈಲಾ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮಾವ ಏನೆನ್ನುವನೋ ಎಂದು ಅಂಗಳದ ಕಡೆ ನೋಡಿದಳು. ವಿರುಪಾಕ್ಷಪ್ಪ ಬಾಯಿ ಮುಕ್ಕಳಿಸಿ ಉಗುಳಿದ, ಮುಖ ತೊಳೆದ, ಹೆಗಲ ಮೇಲಿನ ಟಾವೆಲ್ಲಿನಿಂದ ನಿಧಾನವಾಗಿ ಒರೆಸಿಕೊಂಡ.

"ಬರೂ ಮುಂದ ಆ ಪ್ಲಾಟಿನ ಕಡೆ ಹೋಗಬ್ಯಾಡ್ರಿ."

"ಹೋಗ್ತೀವ್ರಿ," ಎಂದಳು ಕಸ್ತೂರೆವ್ವ. "ನಡಸೂದು ಬರತೈತಿ. ನಿಂದರಸೂದು ಇನ್ನ ಕಲೀಬೇಕು."

ಅವನು ಏನೋ ಹೇಳಲು ಬಾಯಿ ತೆರೆದ. ನಗುತ್ತಾನೆ ಎಂದುಕೊಂಡಳು. ನಗಲಿಲ್ಲ. ಕಾರು ಹೊರಡುವ ದಾರಿಯ ಅಂಚಿಗೆ ದ್ರಾಕ್ಷಿಗೆ ಔಷಧ ಕಲಸುವ ನೀಲಿ ಡ್ರಮ್ಮು ನಿಂತಿತ್ತು. ಅದನ್ನು ಎರಡೂ ಕೈಯಿಂದ ಹೊರಳಿಸಿ ಗೋಡೆಯ ಕಡೆಗೆ ಸರಿಸಿದ. ಸರಿಸಿ, ಕಾರು ನೋಡಿದ, ಗೇಟು ನೋಡಿದ, ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ಆಮೇಲೆ ಡ್ರಮ್ಮನ್ನು ಇನ್ನೂ ಒಂದು ಮಾರು ಆಚೆಗೆ ಸರಿಸಿದ.